ಟೈಪ್‌ರೈಟರ್: ರೈಟರ್ ಯಾರು, ಯಂತ್ರವೋ ಮನುಷ್ಯನೋ?

ಪದಬೇಟೆ: ರೈಟರ್ ಎಂದರೆ ಬರೆಯುವವನು. ಆದರೆ ಈ ಯಂತ್ರ ಬರೆಯುವುದಿಲ್ಲ, ಹೊಡೆಯುತ್ತದೆ. ಹಾಗಾಗಿ ಟೈಪ್‌ರೈಟರ್ ಎಂಬುದು ಮೊದಲು ಕೀಲಿಮಣೆಯ ಮುಂದೆ ಕೂರುವವರ ಹೆಸರಾಗಿತ್ತು, ಆಮೇಲೆ ಯಂತ್ರಕ್ಕೆ ಅಂಟಿಕೊಂಡಿತು ಎನ್ನುವುದು ನನ್ನ ವಾದ.

ಅಚ್ಚುಮೊಳೆ: ವಾದ ತಲೆಕೆಳಗಾಗಿ ನಿಂತಿದೆ. ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರು ಅಮೆರಿಕದ ಮಿಲ್ವಾಕಿಯಲ್ಲಿ ರೂಪಿಸಿದ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು 1868ರಲ್ಲಿ. ರೆಮಿಂಗ್ಟನ್ ಕಂಪನಿ ಅದನ್ನು 1874ರಲ್ಲಿ ಮಾರುಕಟ್ಟೆಗೆ ತಂದಾಗ ಇಟ್ಟ ಹೆಸರೇ ‘ಶೋಲ್ಸ್ ಅಂಡ್ ಗ್ಲಿಡನ್ ಟೈಪ್-ರೈಟರ್’, ನಡುವೆ ಗೀಟಿನೊಂದಿಗೆ. ಯಂತ್ರವೇ ಇಲ್ಲದಿದ್ದಾಗ ಅದನ್ನು ಒತ್ತುವ ಉದ್ಯೋಗಿಗಳು ಎಲ್ಲಿಂದ ಬಂದರು? ಅದು ಕಚೇರಿಗಳನ್ನು ಹೊಕ್ಕ ಮೇಲೆ ನಡೆಸುವವರನ್ನೂ ಅದೇ ಪದದಿಂದ ಕರೆದರು, ನಿಜ. 19ನೇ ಶತಮಾನದ ಕೊನೆಯ ಇಂಗ್ಲಿಷ್ ಬರಹದಲ್ಲಿ ಯಜಮಾನನೊಬ್ಬ ಟೈಪ್‌ರೈಟರನ್ನು ಮದುವೆಯಾದರೆ ಗಾಬರಿಯಾಗಬೇಡಿ. ಈ ಗೊಂದಲವನ್ನು ತೊಲಗಿಸಿದ್ದು ‘ಟೈಪಿಸ್ಟ್’ ಎಂಬ ಪದ.

ಹಳೆಯ ರಿಬ್ಬನ್: ‘ಹೊಡೆಯುತ್ತದೆ’ ಎಂಬ ಆಕ್ಷೇಪಕ್ಕೆ ಉತ್ತರ ಪದದೊಳಗೇ ಇದೆ. ಗ್ರೀಕಿನ ‘ಟೂಪೋಸ್’ ಎಂದರೆ ಏಟು, ಏಟಿನಿಂದ ಮೂಡಿದ ಗುರುತು. ಇಂಗ್ಲಿಷಿನ ‘ರೈಟ್’ ಕೂಡ ಮೂಲದಲ್ಲಿ ಗೀರುವುದು, ಕೆತ್ತುವುದು. ಎರಡರಲ್ಲೂ ಶಾಯಿಯ ಸುಳಿವಿಲ್ಲ!

ಅಚ್ಚುಮೊಳೆ: ಚೆಂದವಾಗಿದೆ, ಆದರೆ ಹೆಸರಿಟ್ಟವರು ಗ್ರೀಕ್ ನಿಘಂಟು ಬಿಡಿಸಿಕೊಂಡು ಕೂತಿರಲಿಲ್ಲ. ಆ ಹೊತ್ತಿಗೆ ಟೈಪ್ ಎಂದರೆ ಮುದ್ರಣಾಲಯದ ಅಚ್ಚುಮೊಳೆ. ಲೇಖನಿಯ ಬದಲು ಮೊಳೆಯಿಂದ ಬರೆಯುವ ಸಾಧನ, ಅಷ್ಟೇ ಅರ್ಥ. ಶೋಲ್ಸ್ ಸ್ವತಃ ಮುದ್ರಕರೂ ಪತ್ರಿಕಾ ಸಂಪಾದಕರೂ ಆಗಿದ್ದರು ಎಂಬುದನ್ನು ಮರೆಯಬಾರದು.

ಕೀಲಿಕೈ: ಅದಕ್ಕೂ ಮುಂಚಿನ ಹೆಸರುಗಳನ್ನು ನೋಡಿ. ವಿಲಿಯಂ ಬರ್ಟ್ 1829ರಲ್ಲಿ ಪೇಟೆಂಟ್ ಪಡೆದ ಯಂತ್ರ ‘ಟೈಪೋಗ್ರಾಫರ್’. ಗ್ರೀಕಿನ ‘ಗ್ರಾಫ್’ ತೆಗೆದು ಇಂಗ್ಲಿಷಿನ ‘ರೈಟ್’ ಇಟ್ಟರೆ ಟೈಪ್‌ರೈಟರೇ! ಇಟಲಿಯ ಜುಸೆಪ್ಪೆ ರವಿತ್ಸಾ 1855ರಲ್ಲಿ ತನ್ನ ಯಂತ್ರವನ್ನು ‘ಬರೆಯುವ ಹಾರ್ಪ್ಸಿಕಾರ್ಡ್’ ಎಂದ. ಕೀಲಿಗಳು ಆ ಸಂಗೀತ ವಾದ್ಯದ ಹಾಗೆ ಇದ್ದವು. ಜಾನ್ ಪ್ರ್ಯಾಟ್ ‘ಟೆರೋಟೈಪ್’ ಎಂಬ ನಾಲಗೆ ಹೊರಳದ ಹೆಸರಿಟ್ಟ. ಅದು ಉಳಿಯದಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಪದಬೇಟೆ: ಹಾಗಾದರೆ ಪದವನ್ನು ಟಂಕಿಸಿದ್ದು ಶೋಲ್ಸ್ ಎನ್ನೋಣವೇ?

ಕೀಲಿಕೈ: ಬೇಡ. ಪ್ರ್ಯಾಟ್‌ನ ಯಂತ್ರದ ಬಗ್ಗೆ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ 1867ರ ಜುಲೈನಲ್ಲಿ ಬರೆದ ಟಿಪ್ಪಣಿಯ ತಲೆಬರಹವೇ ‘ಟೈಪ್ ರೈಟಿಂಗ್ ಮಷೀನ್’. ಶೋಲ್ಸ್ ಪೇಟೆಂಟ್‌ಗೆ ಒಂದು ವರ್ಷ ಮುಂಚೆ.

ಹಳೆಯ ರಿಬ್ಬನ್: ಅಂದರೆ ಪ್ರ್ಯಾಟ್ ಯಂತ್ರ ಮಾಡಿದ, ಪತ್ರಿಕೆ ಹೆಸರು ಕೊಟ್ಟಿತು, ಕೀರ್ತಿ ಶೋಲ್ಸ್‌ಗೆ ಹೋಯಿತು.

ಅಚ್ಚುಮೊಳೆ: ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ. ‘ಟೈಪ್’, ‘ರೈಟಿಂಗ್’ ಎರಡೂ ಬಳಕೆಯಲ್ಲಿದ್ದ ಪದಗಳು. ಜೋಡಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪತ್ರಿಕೆ ಯಂತ್ರವನ್ನು ವರ್ಣಿಸಿತು. ಆ ವರ್ಣನೆಯನ್ನು ಅಂಗಡಿಯಲ್ಲಿ ಕೇಳಿ ಕೊಳ್ಳುವ ಸರಕಿನ ಹೆಸರಾಗಿಸಿದ್ದು 1874ರ ಯಂತ್ರವೇ.