ಕೊಂಬು ತೆಗೆದರು ಅಂದ್ರೆ ಸೊಕ್ಕು ಮುರಿದರು ಅಂತಲೇ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡು ಕೂತಿದ್ದೇನೆ, ಬಲ್ಲವರು ಬಿಡಿಸಿ.

ಗೆಳೆಯರೆಲ್ಲ ಸೇರಿ ನೋಡಲಿರುವ ಒಂದು ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಕಾಲ 1750ರ ದಶಕ, ಜಾಗ ಉತ್ತರ ಅಮೆರಿಕದ ಮೋಹಾಕ್ ನದಿಯ ಕಣಿವೆ. ಆ ಕಡೆ ಫ್ರೆಂಚರು, ಈ ಕಡೆ ಇಂಗ್ಲಿಷರು, ನಡುವೆ ಅಲ್ಲಿನ ಮೂಲನಿವಾಸಿಗಳಾದ ಇರಕ್ವಾಯ್ ಜನ. ಮೋಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಸೆನೆಕಾ ಸೇರಿದ ಒಕ್ಕೂಟ ಅವರದು. 1722ರಲ್ಲಿ ಟಸ್ಕರೋರಾ ಜನರೂ ಸೇರಿ ಆರಾಯಿತು. ಅವರು ತಮ್ಮನ್ನು ಕರೆದುಕೊಳ್ಳುವುದು ಹೋಡಿನೊಶೋನಿ ಅಂತ. ಉದ್ದನೆಯ ಮನೆಯ ಜನ ಎಂದು ಅರ್ಥ. 'ಉದ್ದಮನೆಯವರು' ಅಂತ ಹಾಕಿ ಮುಂದೆ ಹೋದೆ.

ಫ್ರೆಂಚರೂ ಇಂಗ್ಲಿಷರೂ ಅಲ್ಲಿ ಮಾಡಿದ ಯುದ್ಧಕ್ಕೆ ಅಮೆರಿಕದವರು ಇಟ್ಟ ಹೆಸರನ್ನು ಹಾಗೇ ಇಳಿಸಿದರೆ 'ಫ್ರೆಂಚ್ ಮತ್ತು ಇಂಡಿಯನ್ ಯುದ್ಧ' ಆಗುತ್ತದೆ. ಇಂಡಿಯನ್ ಅಂದರೆ ಇಲ್ಲಿ ಆ ಮೂಲನಿವಾಸಿಗಳು. ನಮ್ಮವರು ಓದಿ ವಾಂಡಿವಾಶ್ ನೆನಪು ಮಾಡಿಕೊಳ್ಳುತ್ತಾರೆ, ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ ತಮಿಳುನಾಡಿನ ಆ ಕದನವನ್ನು. ಅದರಲ್ಲಿ ಅವರ ತಪ್ಪೂ ಇಲ್ಲ ಬಿಡಿ. ಅದೇ ಇಬ್ಬರು ಅದೇ ವರ್ಷಗಳಲ್ಲಿ ಇಲ್ಲೂ ಹೊಡೆದಾಡುತ್ತಿದ್ದರು, 1763ರ ಪ್ಯಾರಿಸ್ ಒಪ್ಪಂದದಲ್ಲೇ ಎರಡೂ ಮುಗಿದವು. ಇಂಡಿಯನ್ ಅನ್ನುವ ಪದವನ್ನೇ ಕೈಬಿಟ್ಟೆ.

ಈಗ ನಿಜವಾದ ತೊಡಕು. ಒಬ್ಬಳು ವಯಸ್ಸಾದ ಹೆಂಗಸು ಮುಖಂಡನ ಎದುರು ನಿಂತು ಒಂದೇ ಮಾತು ಹೇಳುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ: 'ನಿನ್ನ ಕೊಂಬು ತೆಗೆದಿದ್ದೇವೆ.' ಅಕ್ಕನಿಗೆ ತೋರಿಸಿದರೆ ನಕ್ಕುಬಿಟ್ಟಳು. "ಪಾಪ, ಅಷ್ಟೊಂದು ಸೊಕ್ಕಿತ್ತಾ ಅವನಿಗೆ?"

ಸೊಕ್ಕಿನ ಮಾತೇ ಅಲ್ಲ ಅದು. ಇರಕ್ವಾಯ್ ಮುಖಂಡನ ತಲೆಯುಡುಗೆಯಲ್ಲಿ ಜಿಂಕೆಯ ಕೊಂಬಿರುತ್ತದೆ. ಅದು ಅವನ ಅಧಿಕಾರದ ಗುರುತು. ಅವನನ್ನು ಆರಿಸುವವಳು ಕುಲದ ಹಿರಿಯ ತಾಯಿ. ದಾರಿ ತಪ್ಪಿದರೆ ಮೂರು ಸಲ ಎಚ್ಚರಿಸುತ್ತಾರೆ, ಆಮೇಲೂ ಕೇಳದಿದ್ದರೆ ಕೊಂಬು ತೆಗೆಯುತ್ತಾರೆ. ಅಂದ್ರೆ ಕೊಂಬು ಅವನದ್ದಲ್ಲ, ಅವನು ಕೂತಿರುವ ಜಾಗದ್ದು.

ನಮ್ಮಲ್ಲಿ ಕೊಂಬು ಅಂದ ಕೂಡಲೇ 'ಅವನಿಗೇನು ಎರಡು ಕೊಂಬು ಇದೆಯಾ?' ಅನ್ನುವುದೇ ಕಿವಿಗೆ ಬರುತ್ತದೆ, ಅಲ್ವಾ? ಕೋಡು ಅನ್ನೋಣ ಅಂದರೆ ಅದೂ ಮೂಡುವುದು ಸೊಕ್ಕಿನವರಿಗೇ. 'ಕವಲುಗೊಂಬು' ಅಂತ ಕಟ್ಟಿ ನೋಡಿದೆ. ಎತ್ತಿನ ಕೊಂಬಿಗೆ ಕವಲಿಲ್ಲ, ಅದು ಬಿದ್ದು ಹೊಸದು ಬರುವುದೂ ಇಲ್ಲ. ಜಿಂಕೆ, ಕಡವೆಯದ್ದು ಉದುರಿ ಮತ್ತೆ ಬರುತ್ತದೆ. ಕೈಯಿಂದ ಕೈಗೆ ಹೋಗುವ ಅಧಿಕಾರಕ್ಕೆ ಒಪ್ಪುವ ಪದವೇ. ಆದರೆ ಓಡುವ ಸಬ್‌ಟೈಟಲ್‌ನಲ್ಲಿ ಓದುವವರು ಅಲ್ಲೇ ಎಡವುತ್ತಾರೆ.

'ಪಟ್ಟದಿಂದ ಇಳಿಸಿದ್ದೇವೆ' ಸುಲಭ. ಪಟ್ಟ ಅಂದರೂ ಮೊದಲಿಗೆ ಹಣೆಗೆ ಕಟ್ಟುತ್ತಿದ್ದ ಪಟ್ಟಿಯೇ, ಅದಕ್ಕೇ ಇವತ್ತಿಗೂ 'ಪಟ್ಟ ಕಟ್ಟು' ಅನ್ನುತ್ತೇವೆ. ತಲೆಯ ಮೇಲಿನ ಗುರುತಿಗೆ ತಲೆಯ ಮೇಲಿನ ಗುರುತು, ಸರಿಹೊಂದುತ್ತದೆ. ಆದರೆ ನನಗೆ ಅದರಲ್ಲಿ ಅರಮನೆಯ ವಾಸನೆ ಜಾಸ್ತಿ ಅನ್ನಿಸುತ್ತದೆ. ಆತ ರಾಜನಲ್ಲ. ಮೇಲಾಗಿ ತೆರೆಯ ಮೇಲೆ ಕೊಂಬು ಕಾಣುತ್ತಿರುವಾಗ ಕೆಳಗೆ ಪಟ್ಟ ಅಂತ ಬರೆಯುವುದು ಹೇಗೆ?

ಸದ್ಯಕ್ಕೆ ಹೀಗೆ ಇಟ್ಟಿದ್ದೇನೆ: 'ಈ ಕೊಂಬು ನಿನ್ನದಲ್ಲ, ಕುಲದ್ದು. ವಾಪಸ್ ತಗೊಂಡಿದ್ದೇವೆ.' ಅಕ್ಕ ಈ ಸಲ ನಗಲಿಲ್ಲ.

ಆದರೆ ಈ 'ಕುಲ' ನನಗೆ ಸಮಾಧಾನ ಕೊಟ್ಟಿಲ್ಲ. ಮೋಹಾಕರಲ್ಲಿ ಆಮೆ, ತೋಳ, ಕರಡಿ ಅಂತ ಮೂರು ಗುಂಪು. ಮಕ್ಕಳು ತಾಯಿಯ ಗುಂಪಿಗೆ ಸೇರುತ್ತಾರೆ. ಗೋತ್ರ ಅಂದರೆ ಅಪ್ಪನ ಕಡೆಗೆ ತಿರುಗಿಬಿಡುತ್ತದೆ. ಇದಕ್ಕೆ ತಕ್ಕ ಪದ ಕರಾವಳಿಯಲ್ಲಿ ಜೀವಂತ ಇದೆ, ಅಳಿಯಸಂತಾನದ ಮನೆಗಳಲ್ಲಿ ತಾಯಿಯಿಂದ ಬರುವ 'ಬಳಿ'. ಖುಷಿಯಿಂದ ಹಾಕಿಯೂಬಿಟ್ಟೆ. ತೆರೆಯ ಮೇಲೆ ಓದಿ ನೋಡಿದೆ: 'ನಾನು ಕರಡಿ ಬಳಿಯವಳು.' ಬಯಲುಸೀಮೆಯವರು ಓದಿದರೆ ಹುಡುಗಿ ಕರಡಿಯ ಪಕ್ಕ ನಿಂತಿದ್ದಾಳೆ! ಕುಲದೊಳಗಿನ ಗುಂಪಿಗೆ ಬೆಡಗು ಅಂತಲೂ ಅನ್ನುತ್ತಾರಲ್ಲ, ಹಾಗಾದರೆ ಅದನ್ನೇ ಅನ್ನೋಣ ಅಂತ 'ಕರಡಿ ಬೆಡಗು' ಬರೆದೆ. ಅದು ಇನ್ನೂ ಚೆಂದ, ಕರಡಿ ಸಿಂಗಾರ ಮಾಡಿಕೊಂಡು ಬಂದಂತೆ.

ಕರಾವಳಿಯವರು ಮಾತಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ? 'ನಾನು ಇಂಥ ಬಳಿ' ಅನ್ನುತ್ತೀರೋ, 'ಇಂಥ ಬಳಿಯವಳು' ಅನ್ನುತ್ತೀರೋ? 'ನನ್ನದು ಕರಡಿ ಬಳಿ' ಅಂದರೆ ಬಯಲುಸೀಮೆಯವರಿಗೂ ದಾಟುತ್ತದಾ? ಕೊಂಬಿನ ಸಾಲಿಗೂ ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ. ಆ ಮಾತು ತೆರೆಯ ಮೇಲೆ ನಿಲ್ಲುವುದು ಮೂರೇ ಸೆಕೆಂಡು.