ಗರಗಸದ ಬ್ಲೇಡಿನ ಹಿಂದೆ ನಿಲ್ಲುವ ತಗಡಿಗೆ ‘ಬೆಣೆ’ ಅನ್ನಬಹುದೇ?

ಗೆಳೆಯರೇ,

ಮರ ಕೊಯ್ಯುವ ಮೇಜುಗರಗಸದ ಒಂದು ಭಾಗಕ್ಕೆ ಕನ್ನಡದ ಹೆಸರು ಬೇಕಾಗಿದೆ. ಜೊತೆಗೆ ಇನ್ನೊಂದೆರಡು ಸಣ್ಣ ಅನುಮಾನಗಳೂ ಇವೆ.

ವಿಷಯ ಇಷ್ಟು. ಬಾಗಿಲು ಹಾಕುತ್ತಿದ್ದ ಒಂದು ಫರ್ನಿಚರ್ ವರ್ಕ್‌ಶಾಪಿನಿಂದ ಹಳೇ ಗರಗಸದ ಮಷೀನು ಕೊಂಡು ತಂದಿದ್ದೇನೆ. 12 ಇಂಚಿನ ಬ್ಲೇಡು, ಬೀಡಿನ ಮೇಜು, ತ್ರೀ ಫೇಸ್ ಮೋಟರು. ಇನ್ನೇನು ಗುಜರಿಗೆ ಹೋಗುವುದರಲ್ಲಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿಟ್ಟು, ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಿದ್ದೇನೆ. ಸಿದ್ಧವಾದ ಮೇಲೆ ನಮ್ಮ ಬೀದಿಯ ಬಡಗಿಯವರೂ ಅವರ ಹತ್ತಿರ ಕೆಲಸ ಕಲಿಯುವ ಹುಡುಗರೂ ಇದನ್ನು ಬಳಸುತ್ತಾರೆ. ಹುಡುಗರಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಹಾಗಾಗಿ ಯಾವ ಭಾಗ ಯಾವುದು, ಎಲ್ಲಿ ಕೈ ಇಡಬಾರದು ಅಂತ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಬೇಕು. ಬರೆಯಲು ಕೂತಾಗಲೇ ಈ ತೊಡಕು ಶುರುವಾಗಿದ್ದು.

ಬಹಳಷ್ಟು ಮಾತುಗಳು ನಮ್ಮಲ್ಲಿ ಆಗಲೇ ಇವೆ. ಹಲ್ಲು, ಹಲಗೆ, ರೀಪು, ಹೊಟ್ಟು, ಸಾಣೆ, ಮೂಲೆಮಟ್ಟ. ಶಾಫ್ಟು, ಬೇರಿಂಗು, ಬೆಲ್ಟು, ಪುಲ್ಲಿ ಇವನ್ನು ಹಾಗೇ ಬಿಟ್ಟಿದ್ದೇನೆ. ಅಂಗಡಿಗೆ ಹೋಗಿ ‘6205 ಬೇರಿಂಗ್ ಕೊಡಿ’ ಅಂದರೆ ಕೊಡುತ್ತಾರೆ, ಅದಕ್ಕೆ ಹೊಸ ಪದ ಕಟ್ಟಿ ಹುಡುಗರನ್ನು ಅಲೆಸುವುದು ಬೇಡ. ‘ಬೀಡು’ ಅನ್ನುವ ಮಾತು ಮಾತ್ರ ಹಾಳೆಯಲ್ಲಿ ಇರಲೇಬೇಕು ಅಂತ ನನ್ನ ಹಟ. ಓದಿದವರಿಗೆ ಬೀಡು ಅಂದರೆ ದಂಡು ಇಳಿದುಕೊಂಡ ಜಾಗ, ಇಲ್ಲವೇ ನೆಲೆ. ವರ್ಕ್‌ಶಾಪಿನಲ್ಲಿ ಅದು ಎರಕದ ಕಬ್ಬಿಣ. ಹಳೇ ಮಷೀನು ಕೊಳ್ಳುವವರು ಮೊದಲು ನೋಡಬೇಕಾದದ್ದೂ ಅದನ್ನೇ. ಮೇಜನ್ನು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದರೆ ಟಣ್ ಅನ್ನಬೇಕು. ಸದ್ದು ಮಂಕಾಗಿದ್ದರೆ ಎಲ್ಲೋ ಬಿರುಕು ಇರಬಹುದು. ತುಕ್ಕನ್ನು ತೆಗೆಯಬಹುದು, ಬೇರಿಂಗನ್ನು ಬದಲಿಸಬಹುದು. ಒಡೆದ ಬೀಡಿಗೆ ಬೆಸುಗೆ ಹಾಕುವುದು ಸುಲಭವಲ್ಲ, ಹಾಕಿದರೂ ಮೇಜು ಸಮತಟ್ಟಾಗಿ ಉಳಿಯುವುದು ಕಷ್ಟ.

ತುಕ್ಕು ಅಂದಾಗ ನೆನಪಾಯಿತು. ನನ್ನ ಹಾಳೆ ಓದಿದ ಒಬ್ಬರು ‘ಮೇಜಿಗೆ ಕಿಲುಬು ಹಿಡಿಯದಂತೆ ನೋಡಿಕೊಳ್ಳಿ’ ಅಂತ ತಿದ್ದಿದ್ದಾರೆ. ನನಗೆ ಗೊತ್ತಿರುವ ಮಟ್ಟಿಗೆ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ಒಂದು ಕೆಂಪು, ಇನ್ನೊಂದು ಹಸಿರು. ಹುಣಸೆಹಣ್ಣು ಹಾಕಿ ತಿಕ್ಕುವುದು ಕಿಲುಬಿಗೆ. ನಾನು ಮೇಜಿಗೆ ಬಳಸಿದ್ದು ಸೀಮೆಎಣ್ಣೆ, ಎಮರಿ ಪೇಪರ್, ಕೊನೆಗೆ ತೆಳುವಾಗಿ ಮೇಣ. ನಿಮ್ಮ ಕಡೆ ಕಬ್ಬಿಣಕ್ಕೂ ಕಿಲುಬು ಅನ್ನುತ್ತಾರಾ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬ್ಲೇಡಿನ ಹಿಂದೆ, ಹಲ್ಲುಗಳಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ, ಬ್ಲೇಡಿನ ಸಾಲಿನಲ್ಲೇ, ಬ್ಲೇಡಿನ ಸುತ್ತಿಗೆ ತಕ್ಕಂತೆ ಅಂಚು ಬಾಗಿದ ಒಂದು ಉಕ್ಕಿನ ತಗಡು ನಿಲ್ಲಬೇಕು. ಇಂಗ್ಲಿಷಿನವರು ಇದನ್ನು ರೈವಿಂಗ್ ನೈಫ್ ಅನ್ನುತ್ತಾರೆ. ಇದರ ಕೆಲಸ ಕೇಳಿ. ಹಲಗೆಯನ್ನು ಉದ್ದಕ್ಕೆ ಕೊಯ್ಯುವಾಗ ಅದು ಸುಮ್ನೆ ಎರಡು ಭಾಗ ಆಗುವುದಿಲ್ಲ. ಸರಿಯಾಗಿ ಒಣಗದ ಮರವಾದರೆ, ಅದರಲ್ಲೂ ಅಕೇಶಿಯಾದಂಥ ಮರವಾದರೆ, ಒಳಗಿನ ಬಿಗಿ ಸಡಿಲಿ ಕೊಯ್ದ ಎರಡು ಭಾಗಗಳೂ ಮತ್ತೆ ಹತ್ತಿರ ಬಂದು ಬ್ಲೇಡನ್ನು ಅಮುಕುತ್ತವೆ. ಬ್ಲೇಡಿನ ಮುಂದಿನ ಹಲ್ಲು ಕೆಳಗಿಳಿಯುತ್ತಿದ್ದರೆ ಹಿಂದಿನ ಹಲ್ಲು ಮೇಲೇಳುತ್ತಿರುತ್ತದೆ. ಹಿಂದಿನ ಹಲ್ಲಿಗೆ ಮರ ಸಿಕ್ಕಿತೋ, ಅದು ಹಲಗೆಯನ್ನು ಎತ್ತಿ ಕೆಲಸ ಮಾಡುವವನ ಕಡೆಗೇ ಎಸೆಯುತ್ತದೆ. 12 ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ 170 ಕಿಲೋಮೀಟರಿಗೂ ಜಾಸ್ತಿ. ಆ ವೇಗದಲ್ಲಿ ಹಲಗೆ ಹೊಟ್ಟೆಗೆ ಬಂದು ಬಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕೊಯ್ದ ಜಾಗ ಮುಚ್ಚಿಕೊಳ್ಳದಂತೆ ಈ ತಗಡು ನಡುವೆ ನಿಂತು ತಡೆಯುತ್ತದೆ.

ಹಳೇ ಮಷೀನುಗಳಲ್ಲಿ ಸಾಮಾನ್ಯವಾಗಿ ಇದೇ ಇರುವುದಿಲ್ಲ. ಒಂದೋ ಮೊದಲಿಂದಲೇ ಇರಲಿಲ್ಲ, ಇಲ್ಲವೇ ಯಾರೋ ಅಡ್ಡಿ ಅಂತ ಕಿತ್ತು ಮೂಲೆಗೆ ಎಸೆದಿರುತ್ತಾರೆ. ನನ್ನದರಲ್ಲೂ ಇರಲಿಲ್ಲ, ಹೊಸದಾಗಿ ಮಾಡಿಸಬೇಕಾಯಿತು.

ಹೆಸರಿನ ಬಗ್ಗೆ ಕೇಳಿದಾಗ ಮೊದಲು ಸಿಕ್ಕ ಸಲಹೆ ‘ಸೀಳುಗತ್ತಿ’. ಕೇಳಲು ಚೆನ್ನಾಗಿದೆ. ಆದರೆ ಇದು ಏನನ್ನೂ ಸೀಳುವುದಿಲ್ಲ, ಇದಕ್ಕೆ ಕತ್ತಿಯ ಬಾಯಿಯೂ ಇಲ್ಲ. ಹಾಳೆಯಲ್ಲಿ ಕತ್ತಿ ಅಂತ ಬರೆದರೆ ಶ್ರದ್ಧೆಯ ಹುಡುಗನೊಬ್ಬ ಅದನ್ನು ಸಾಣೆಗೆ ಹಿಡಿಯುತ್ತಾನೆ, ಖಂಡಿತ. ಇನ್ನೊಬ್ಬರು ‘ವಿಭಾಜಕ ಫಲಕ’ ಅಂದರು. ರಸ್ತೆ ಮಧ್ಯದ ಡಿವೈಡರ್ ನೆನಪಾಯಿತು, ಬಿಟ್ಟೆ.

ನನಗೆ ಒಪ್ಪಿದ ಮಾತು ‘ಬೆಣೆ’. ಮಿಲ್ಲುಗಳು ಬರುವ ಮೊದಲು ದಿಮ್ಮಿ ಕೊಯ್ಯುತ್ತಿದ್ದವರು ಇಬ್ಬರು. ಒಬ್ಬ ಮೇಲೆ, ಇನ್ನೊಬ್ಬ ಕೆಳಗೆ, ನಡುವೆ ಉದ್ದ ಗರಗಸ. ಗರಗಸ ಮುಂದೆ ಹೋದ ಹಾಗೆ ಹಿಂದಿನ ಸೀಳಿಗೆ ಬೆಣೆ ಹೊಡೆಯುತ್ತಿದ್ದರು, ಮರ ಕಚ್ಚಿಕೊಳ್ಳಬಾರದು ಅಂತ. ಬಡಗಿಗಳು ಊಟಕ್ಕೆ ಹೋದಾಗ ಕೋತಿ ಬೆಣೆ ಕಿತ್ತು ಸಿಕ್ಕಿಕೊಂಡ ಕಥೆ ನಮಗೆಲ್ಲ ಗೊತ್ತು. ಆ ಕಥೆಯಲ್ಲಿ ಆಗಿದ್ದೇ ಮೇಜುಗರಗಸದಲ್ಲೂ ಆಗುವುದು: ಬೆಣೆ ಹೋಯಿತು, ಬಿಗಿಯಲ್ಲಿದ್ದ ಮರ ಮುಚ್ಚಿಕೊಂಡಿತು. ಮಷೀನಿನಿಂದ ಈ ತಗಡನ್ನು ಕಿತ್ತವರು ಯಾರು ಅಂತ ಹುಡುಗರಿಗೆ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಆದರೆ ಇದಕ್ಕೊಂದು ತಕರಾರು ಇದೆ, ಅದು ಬಂದಿದ್ದು ತಗಡು ಕತ್ತರಿಸಿಕೊಟ್ಟವರಿಂದ. ‘ಬ್ಲೇಡಿನ ಹಿಂದೆ ನಿಲ್ಲುವ ಬೆಣೆ’ ಅಂದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಒಂದು ಕಡೆ ದಪ್ಪ, ಒಂದು ಕಡೆ ತೆಳು ಮಾಡಬೇಕಾ?’ ಸರಿಯಾದ ಪ್ರಶ್ನೆಯೇ. ಬೆಣೆ ಅಂದರೆ ಓರೆ ಇರಬೇಕು, ಹೊಡೆದಷ್ಟೂ ಅಗಲಿಸಬೇಕು. ಈ ತಗಡು ಅಗಲಿಸಬಾರದು. ಅದರ ದಪ್ಪ ಬ್ಲೇಡಿನ ಮೈಗಿಂತ ಜಾಸ್ತಿ ಇರಬೇಕು, ಹಲ್ಲು ಕೊಯ್ಯುವ ಅಗಲಕ್ಕಿಂತ ಕಮ್ಮಿ ಇರಬೇಕು. ನನ್ನ ಬ್ಲೇಡಿನ ಮೈ 2.2 ಮಿಲಿಮೀಟರ್, ಹಲ್ಲಿನ ಅಗಲ 3.2. ಅದಕ್ಕೇ 2.8ರ ತಗಡು, ಮೇಲಿಂದ ಕೆಳಗೆ ಒಂದೇ ದಪ್ಪ. ಇನ್ನೂ ದಪ್ಪ ಮಾಡಿದರೆ ಹಲಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾಗಿದ್ದರೂ ಬೆಣೆಯನ್ನು ಬಿಡಲು ಮನಸ್ಸಿಲ್ಲ. ಬೆಣೆ ಅಂತ ಕರೆಯುವ ಎಲ್ಲವೂ ಅಗಲಿಸುವುದಕ್ಕೇ ಇಲ್ಲ. ಕೊಡಲಿಯ ಕಾವಿಗೆ ಹೊಡೆಯುವ ಬೆಣೆ ಬಿಗಿ ಮಾಡಲು. ಗರಗಸದ ಸೀಳಿಗೆ ಹಾಕುವುದು ಮುಚ್ಚದಂತೆ ಹಿಡಿಯಲು. ಆಕಾರವೇ ಮುಖ್ಯ ಅನ್ನುವವರಿಗೆ ‘ತಡೆಬೆಣೆ’ ಅನ್ನಬಹುದೇನೋ. ಇದರಲ್ಲಿ ಎರಡು ಬಗೆಯೂ ಇದೆ. ಬ್ಲೇಡಿನ ಜೊತೆಗೇ ಏರಿ ಇಳಿಯುವುದು ಒಂದು, ಮೇಜಿಗೋ ಚೌಕಟ್ಟಿಗೋ ಕಚ್ಚಿ ನಿಂತಲ್ಲೇ ನಿಲ್ಲುವುದು ಇನ್ನೊಂದು. ಮೊದಲಿನದೇ ಒಳ್ಳೆಯದು, ಬ್ಲೇಡು ಇಳಿಸಿದರೂ ನಡುವಿನ ಅಂತರ ಹಾಗೇ ಇರುತ್ತದೆ. ‘ಏರಿಳಿ ಬೆಣೆ’, ‘ನಿಂತ ಬೆಣೆ’ ಅಂತ ಬರೆದುಕೊಂಡಿದ್ದೇನೆ. ಬಾಯಲ್ಲಿ ಆಡಿ ನೋಡಿ ಹೇಳಿ.

ಬ್ಲೇಡು ಹಲಗೆಯನ್ನು ತಿರುಗಿ ಎಸೆಯುತ್ತದಲ್ಲ, ಅದಕ್ಕೂ ಹೆಸರು ಬೇಕು. ಕಿಕ್‌ಬ್ಯಾಕ್ ಅಂತ ಬರೆದರೆ ಪೇಪರ್ ಓದುವವರಿಗೆ ಕಂಟ್ರಾಕ್ಟಿನ ಲಂಚ ಅನ್ನಿಸುತ್ತದೆ. ‘ಹಿಂದೇಟು’ ಅಂತ ಯಾರೋ ಸೂಚಿಸಿದರು, ಅದಕ್ಕೆ ಹಿಂಜರಿಕೆ ಅನ್ನುವ ಅರ್ಥ ಗಟ್ಟಿಯಾಗಿ ಕೂತಿದೆ. ನಮ್ಮ ಬಡಗಿಯವರು ‘ಮರ ಒದೀತದೆ, ಪಕ್ಕಕ್ಕೆ ನಿಂತ್ಕೊ’ ಅನ್ನುತ್ತಾರೆ. ‘ಒದೆತ’ ಸಾಕು ಅಂತ ನನ್ನ ಲೆಕ್ಕ. ಹಾಗೇ ಹಲಗೆಯನ್ನು ಒರಗಿಸಿ ತಳ್ಳುವ ಉದ್ದನೆಯ ಪಟ್ಟಿ, ಇಂಗ್ಲಿಷಿನ ಫೆನ್ಸ್. ಇದನ್ನು ಬೇಲಿ ಅಂದವರಿದ್ದಾರೆ. ಬೇಲಿ ಒಳಗೆ ಬರದಂತೆ ತಡೆಯುತ್ತದೆ, ಇದು ದಾರಿ ಹಿಡಿಸುತ್ತದೆ. ಎಲ್ಲರೂ ಆಡುವ ‘ಗೈಡು’ ಅನ್ನೇ ಇಟ್ಟುಕೊಂಡಿದ್ದೇನೆ.

ಕೊನೆಯದು ನಿಜಕ್ಕೂ ಕೈಗೆ ಸಿಗದ ಪದ. ಗರಗಸ ಹಾದುಹೋದ ಜಾಗ, ಹೊಟ್ಟಾಗಿ ಹೋಗುವ ಆ ಅಗಲಕ್ಕೆ ಏನು ಅನ್ನೋಣ? 100 ಮಿಲಿಮೀಟರ್ ಅಗಲದ ಹಲಗೆಯಿಂದ 25ರ ನಾಲ್ಕು ಪಟ್ಟಿ ಬರುವುದಿಲ್ಲ. ಮೂರು ಸಲ ಕೊಯ್ಯಬೇಕು, ಸಲಕ್ಕೆ 3.2ರಂತೆ 9.6 ಮಿಲಿಮೀಟರ್ ಹೊಟ್ಟಿಗೇ ಹೋಗುತ್ತದೆ. ಹುಡುಗರು ತಪ್ಪುವುದು ಈ ಲೆಕ್ಕದಲ್ಲೇ. ಹಾಳೆಯಲ್ಲಿ ಸದ್ಯಕ್ಕೆ ‘ಕೊಯ್ಗಂಡಿ’ ಅಂತ ಬರೆದಿದ್ದೇನೆ, ಅದು ನಾನೇ ಕಟ್ಟಿದ್ದು. ಮಲೆನಾಡಿನ ಕಡೆ ಕೈಗರಗಸದಲ್ಲಿ ನಾಟಾ ಕೊಯ್ಯುತ್ತಿದ್ದ ಹಿರಿಯರು ಮರದ ಲೆಕ್ಕ ಹಾಕುವಾಗ ಈ ನಷ್ಟಕ್ಕೆ ಒಂದು ಮಾತು ಇಟ್ಟುಕೊಂಡೇ ಇರುತ್ತಾರೆ. ನಿಮ್ಮ ಮನೆಯಲ್ಲಿ, ಊರಲ್ಲಿ ಅಂಥವರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಬರೀ ಪದ ಬೇಡ, ಯಾವ ಸೀಮೆಯದು, ಯಾವ ಮಾತಿನ ನಡುವೆ ಬಂತು ಅನ್ನುವುದನ್ನೂ ಬರೆಯಿರಿ. ನಿಘಂಟಿನಲ್ಲಿ ಕಂಡ ಪದವಾದರೆ ಕೆಲಸದವರ ಬಾಯಲ್ಲಿ ಈಗಲೂ ಇದೆಯಾ ಅಂತಲೂ ಹೇಳಿ. ಮಷೀನಿಗೆ ಬೆಲ್ಟು ಹಾಕುವುದೊಂದು ಬಾಕಿ ಇದೆ, ಅದಾದ ಮೇಲೆ ಹಾಳೆ ಅಚ್ಚು ಹಾಕಿಸುತ್ತೇನೆ.