ಊರಿನ ಹೆಸರಿಗೆ ‘ಗೆ’ ಹಚ್ಚಿದರೆ ‘ಆಳಂದಿಗೆ’ ಎಂದು ಬರುತ್ತಿದೆ, ಏನು ಮಾಡಲಿ?

ತೊಗರಿಹೊಲ, ಕಲಬುರಗಿ:
ಬಸ್ ವೇಳಾಪಟ್ಟಿಯನ್ನು ಮೊಬೈಲ್‌ನಲ್ಲಿ ತೋರಿಸಲು ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇನೆ. ಊರಿನ ಹೆಸರಿಗೆ ‘ಗೆ’ ಹಚ್ಚಿ ‘ಹೋಗುವ ಬಸ್’ ಎನ್ನಬೇಕು, ಅಷ್ಟೇ. ಭಾಲ್ಕಿ, ಜೇವರ್ಗಿ, ಚಿಂಚೋಳಿ ಸಲೀಸಾಗಿ ಬಂದವು. ಕೊನೆಯಲ್ಲಿ ವ್ಯಂಜನವಿದ್ದರೆ ‘ಇಗೆ’ ಸೇರಿಸು ಎಂದೆ. ನಮ್ಮ ಆಳಂದ ಊರಿಗೆ ‘ಆಳಂದಿಗೆ ಹೋಗುವ ಬಸ್’ ಎಂದು ಬಂತು! ಆಳಂದಿ ಇರುವುದು ಪುಣೆಯ ಹತ್ತಿರ. ಬೀದರ್‌ಗೆ ಬರೀ ‘ಗೆ’ ಹಚ್ಚಿದರೆ ‘ಬೀದರ್ಗೆ’ ಎಂದು ಅಂಟಿಕೊಳ್ಳುತ್ತದೆ.

ಬಿದ್ರಿಕುಸುರಿ, ಬೀದರ್:
ಅಣ್ಣಾ, ನೀವು ಕಣ್ಣನ್ನು ನಂಬಿದ್ದೀರಿ, ಕಿವಿಯನ್ನಲ್ಲ. ಆಳಂದ ವ್ಯಂಜನಾಂತವಲ್ಲ, ಅಕಾರಾಂತ, ಅಂದರೆ ಕೊನೆಯ ದನಿ ‘ಅ’. ಯೂನಿಕೋಡ್‌ನಲ್ಲಿ ಉಳಿದ ಸ್ವರಗಳಿಗೆ ಗುಣಿತದ ಚಿಹ್ನೆಯಿದೆ, ಅಕಾರಕ್ಕಿಲ್ಲ. ಅದು ‘ದ’ದೊಳಗೇ ಅಡಗಿ ಕುಳಿತಿದೆ. ಇಂಥ ನಪುಂಸಕಲಿಂಗದ ಪದಕ್ಕೆ ‘ಕ್ಕೆ’ ಹಚ್ಚಿ: ಆಳಂದಕ್ಕೆ, ಸುರಪುರಕ್ಕೆ. ಬೀದರ್ ನಿಜವಾಗಿ ವ್ಯಂಜನಾಂತ. ‘ಬೀದರಿಗೆ’ ಎನ್ನಿ, ಇಲ್ಲವೇ ‘ರ್’ ಮತ್ತು ‘ಗೆ’ ನಡುವೆ ಜೀರೋ ವಿಡ್ತ್ ನಾನ್ ಜಾಯಿನರ್ ಹಾಕಿ, ಅದು ಅಕ್ಷರಗಳು ಅಂಟದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ.

ಉಕಾರ ಬಂದಾಗ ಎಚ್ಚರ. ಊರು–ಊರಿಗೆ, ಆದರೆ ಗುರು–ಗುರುವಿಗೆ. ಹಳಗನ್ನಡದಲ್ಲಿ ಅದು ‘ಊರ್’. ಕೊನೆಯ ಉ ನಾಲಿಗೆಯ ಅನುಕೂಲಕ್ಕೆ ಆಮೇಲೆ ಸೇರಿದ ಬಾಡಿಗೆದಾರ, ಪ್ರತ್ಯಯ ಬಂದ ಕೂಡಲೇ ಜಾಗ ಖಾಲಿ ಮಾಡುತ್ತದೆ. ಗುರುವಿನ ಉ ಹುಟ್ಟಿನಿಂದಲೇ ಇರುವುದು, ಕದಲುವುದಿಲ್ಲ. ಹಾಗಾಗಿ ನಡುವೆ ‘ವ’ ಬರುತ್ತದೆ. ಎರಡೇ ಅಕ್ಷರದ ಪದ, ಮೊದಲನೆಯದು ಹ್ರಸ್ವ, ಎರಡನೆಯದಕ್ಕೆ ಒತ್ತಿಲ್ಲ ಎಂದಾದರೆ ಉ ಸಾಮಾನ್ಯವಾಗಿ ಉಳಿಯುತ್ತದೆ: ಕರುವಿಗೆ, ಹಸುವಿಗೆ, ಮಗುವಿಗೆ. ಒತ್ತಿದ್ದರೆ ಸಾಮಾನ್ಯವಾಗಿ ಹೋಗುತ್ತದೆ: ಕಲ್ಲಿಗೆ, ಹಣ್ಣಿಗೆ. ‘ಅದು’ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕೆ ಅದರದೇ ಸಾಲು ಬರೆಯಿರಿ.

ತೊಗರಿಹೊಲ:
ಬಸ್ ಪುಣೆಯಿಂದ ವಾಪಸ್ ಬಂತು, ಧನ್ಯವಾದ. ಈಗ ಚಾಲಕರ ಹೆಸರುಗಳ ತಲೆನೋವು. ‘ಮಲ್ಲಪ್ಪಕ್ಕೆ ಕರೆ ಮಾಡಿ’ ಎನ್ನುತ್ತಿದೆ. ನನ್ನ ತಮ್ಮ ನಕ್ಕು ನಕ್ಕು ಸುಸ್ತಾಗಿದ್ದಾನೆ.

ಬಿದ್ರಿಕುಸುರಿ:
ಆಳಂದ, ಮಲ್ಲಪ್ಪ ಎರಡೂ ಅಕಾರಾಂತ. ಕೊನೆಯ ದನಿ ಒಂದೇ ಆದರೂ ಲಿಂಗ ಬೇರೆ, ಹಾಗಾಗಿ ಮಲ್ಲಪ್ಪನಿಗೆ ‘ನಿಗೆ’ ಬೇಕು. ಅಕ್ಷರ ನೋಡಿ ಪ್ರೋಗ್ರಾಂ ಇದನ್ನು ಊಹಿಸಲಾರದು. ಪಟ್ಟಿಯಲ್ಲಿ ಇನ್ನೊಂದು ಕಾಲಂ ಮಾಡಿ, ಊರೋ ವ್ಯಕ್ತಿಯೋ ಎಂದು ನೀವೇ ಗುರುತು ಹಾಕಿ. ವ್ಯಕ್ತಿಯಾದರೆ ಜಾಗ ಬಿಟ್ಟು ‘ಅವರಿಗೆ’ ಎಂದು ಸೇರಿಸಿ. ಮರ್ಯಾದೆಯೂ ಉಳಿಯಿತು, ಸಂಧಿಯ ಕಾಟವೂ ತಪ್ಪಿತು.

ತೊಗರಿಹೊಲ:
‘ಮಲ್ಲಪ್ಪ ಅವರಿಗೆ’ ಸರಿ ಬಂತು. ಇನ್ನು ಸೇಡಂ ಒಂದು ಉಳಿದಿದೆ, ಸೊನ್ನೆಗೆ ಏನು ಮಾಡಲಿ?

ಬಿದ್ರಿಕುಸುರಿ:
ಸೇಡಂಗೆ. ಹಾಗೇ ಬಿಡಿ, ಸೊನ್ನೆ ಯಾರಿಗೂ ಅಂಟಿಕೊಳ್ಳುವುದಿಲ್ಲ.